ಬುಧವಾರದ ಹಸ್ತಾಂತರ

ಫಕ್ಕೀರೇಶ, ಇನ್ನು ಮೇಲೆ ಬುಧವಾರ ನಿನ್ನದು.
ಕೋಲ್ವಾದ ಆ ಹೊಟೇಲಿನ ಮೂಲೆ,
ಏಳೂವರೆಯಿಂದ ಹತ್ತೂವರೆ.
ಮೈಕಿನ ಸ್ಟ್ಯಾಂಡಿಗೆ ಒಂದು ಕಾಲು ಗಿಡ್ಡ,
ಅಡಿಗಿಡಲು ಮಡಚಿದ ರಟ್ಟು ಚೀಲದಲ್ಲೇ ಇದೆ.
ಹನ್ನೊಂದು ವರ್ಷದಲ್ಲಿ ನಾಲ್ಕು ರಟ್ಟು ಬದಲಾಯಿಸಿದೆ,
ಸ್ಟ್ಯಾಂಡು ಬದಲಾಯಿಸಿ ಎಂದು ಒಮ್ಮೆಯೂ ಕೇಳಲಿಲ್ಲ.
ನೀನು ಕೇಳು. ಮೊದಲ ವಾರವೇ ಕೇಳು.
ಕೇಳದವರಿಗೆ ಇಲ್ಲಿ ಒಳ್ಳೆಯವರೆಂದು ಹೆಸರು;
ಮಡಗಾಂವಿನ ಪೇಟೆಯಲ್ಲಿ
ಹೆಸರಿಗೆ ಯಾರೂ ಬಂಗುಡೆ ಕೊಡುವುದಿಲ್ಲ.

ಫ್ರೀಜರಿನ ಪಕ್ಕದ ಪ್ಲಗ್ಗು ಬೇಡ, ಗುಂಯ್‌ಗುಡುತ್ತದೆ.

ಮ್ಯಾನೇಜರ್ ಲವಂದೆ ಕೆಟ್ಟವನಲ್ಲ.
ಆದರೆ ಅವನ ‘ನಾಳೆ’ಗೆ
ಗುರುವಾರ ಎಂಬ ಅರ್ಥವಿಲ್ಲ.
ಕೊನೆಯ ಹಾಡಿಗೆ ಮುನ್ನ ನೀರು ಕುಡಿಯುವ ನೆಪದಲ್ಲಿ
ಗಲ್ಲೆಯ ಹತ್ತಿರ ಹೋಗಿ ನಿಂತುಕೋ. ಏನೂ ಅನ್ನಬೇಡ.
ಕೊಟ್ಟದ್ದನ್ನು ಎದುರಿಗೇ ಎಣಿಸಿಕೋ.
ನಾಚಿಕೆಯಾದರೆ, ಬೈನಾದ ಕಟ್ಟಡಗಳ ಕೆಳಗೆ
ಸಿಮೆಂಟಿನ ಕೈಯಲ್ಲೇ ಕೂಲಿ ಎಣಿಸಿಕೊಂಡ
ನಿನ್ನವ್ವನ ಬೆರಳು ನೆನೆ.

ಜೂನು ಬಂತೆಂದರೆ ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗು.
ಆಮೇಲೆ ಸೆಪ್ಟೆಂಬರಿನವರೆಗೆ
ಬುಧವಾರ ಎಂಬ ವಾರವೇ ಇರುವುದಿಲ್ಲ.
ಪ್ರತಿ ರಾತ್ರಿಯ ದುಡ್ಡಲ್ಲಿ ಮೂರರಲ್ಲೊಂದು ಪಾಲು ಡಬ್ಬಿಗೆ ಹಾಕು.
ನಾನು ಹಾಕಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.
ಎರಡನೇ ಮಳೆಗಾಲ ಗಿಟಾರು ಒತ್ತೆಯಿಟ್ಟು
ಮದುವೆಮನೆಗಳಲ್ಲಿ ಮೆಹಂದಿ ಹಚ್ಚಿದೆ.
ಕೆಟ್ಟ ಕೆಲಸವೇನಲ್ಲ.
ಕೈ ಬೇರೆ ಕಡೆ ಪಳಗಿತು, ಅಷ್ಟೇ.

ಒಂದು ಕಾಗದದ ವಿಷಯ ಯಾರಿಗೂ ಹೇಳಿಲ್ಲ.
ಪಣಜಿಯಲ್ಲಿ ಎಸಿ ರೂಮು, ತಣ್ಣನೆಯ ಕೋಕಂ ಶರಬತ್ತು,
ಅಕ್ಕಾ ಅಕ್ಕಾ ಎನ್ನುತ್ತಿದ್ದ ನಗುಮೊಗದವನೊಬ್ಬ.
ಮೂರು ಪುಟ. ಓದದೆ ಸಹಿ.
ವರ್ಷದ ಮೇಲೆ ವಾಸ್ಕೋ ಬಸ್ಸಿನಲ್ಲಿ
ಯಾರದೋ ಮೊಬೈಲಿನಿಂದ
ಅಪ್ಪ ಸತ್ತ ವಾರ ನಾನು ಕಟ್ಟಿದ ಧಾಟಿ
ತಲೆಗೂದಲ ಎಣ್ಣೆಯನ್ನು ಹೊಗಳುತ್ತಿತ್ತು.
ಪಕ್ಕದ ಸೀಟಿನವಳು ತಲೆದೂಗಿದಳು.
ಎಷ್ಟು ಖುಷಿಯಾಯಿತು ಗೊತ್ತಾ, ಆಗ!
ಜುವಾರಿ ಸೇತುವೆ ದಾಟುವವರೆಗೂ ಇತ್ತು ಆ ಖುಷಿ.

ನಿನ್ನದೊಂದು ಹಾಡಿದೆಯಲ್ಲ,
ಗಜೇಂದ್ರಗಡದ ಗುಡ್ಡದ ಗಾಳಿಯಂಥದ್ದು,
ಅದನ್ನು ಮೊದಲಿಗೆ ಹಾಡಬೇಡ, ಜನ ಹಸಿದಿರುತ್ತಾರೆ.
ಕೊನೆಗೂ ಬೇಡ, ಬಿಲ್ಲಿನ ಲೆಕ್ಕ ನೋಡುತ್ತಿರುತ್ತಾರೆ.
ಏಳನೆಯದಾಗಿ ಹಾಡು, ತಟ್ಟೆ ಅರ್ಧ ಖಾಲಿಯಾದ ಹೊತ್ತು.
ಇದು ನಾನೇ ಬರೆದದ್ದೆಂದು ಕೈಮುಗಿಯಬೇಡ.
ಕನ್ನಡದ್ದೆಂದು ಕ್ಷಮೆಯನ್ನೂ ಕೇಳಬೇಡ.
ಐದನೇ ವರ್ಷ, ಒಮ್ಮೆ,
ಮೀನಿನ ಮುಳ್ಳು ಬಿಡಿಸುತ್ತಿದ್ದವನೊಬ್ಬ
ನನ್ನ ಏಳನೆಯದಕ್ಕೆ ಬೆರಳು ನಿಲ್ಲಿಸಿದ.
ಹಾಡು ಮುಗಿಯಿತು, ಮತ್ತೆ ಬಿಡಿಸತೊಡಗಿದ.
ಆ ನಿಲುಗಡೆಯ ಬಡ್ಡಿಯಲ್ಲಿ
ಆರು ವರ್ಷ ಉಂಡಿದ್ದೇನೆ.

ಯಾಕೆ ಬಿಡ್ತಿದೀಯಕ್ಕಾ ಅಂತ ಕೇಳಿದೆಯಲ್ಲ.
ಎಡಗಿವಿಯಲ್ಲಿ ಒಂದು ಸ್ವರ ಹೊತ್ತಿಕೊಂಡಿದೆ, ಆರುತ್ತಿಲ್ಲ,
ಗಾಂಧಾರಕ್ಕಿಂತ ಕೂದಲೆಳೆ ಕೆಳಗೆ.
ಸ್ಪೀಕರಿನ ಮಗ್ಗುಲಲ್ಲಿ ನಿಂತವರಿಗೆ ಸಿಗುವ ಪಿಂಚಣಿ.
ಕಿವಿಗೆ ಹತ್ತಿಯಿಡು ಎಂದರೆ ನಗುತ್ತೀ.
ನಾನೂ ನಕ್ಕಿದ್ದೆ, ಇನಾಸಿಯೊ ಮಾಮ ಹೇಳಿದಾಗ,
ಟ್ರಂಪೆಟ್ಟು ಮಡಿಲಲ್ಲಿಟ್ಟುಕೊಂಡು
ಕೂಗಿ ಕೂಗಿ ಹೇಳಿದಾಗ.

ಯಾವತ್ತಾದರೂ ಬರುತ್ತೇನೆ,
ಬಲಗಿವಿ ನಿನ್ನ ಕಡೆ ಮಾಡಿ ಕೂರುತ್ತೇನೆ.
ಅಕ್ಕ ಬಂದಳೆಂದು ಅಕ್ಕನ ಹಾಡು ಎತ್ತಿಕೊಳ್ಳಬೇಡ.

ಮರೆತಿದ್ದೆ, ಫ್ಯೂಸು ಹೋದರೆ ಗಾಬರಿಯಾಗಬೇಡ.
ಪೆಟ್ಟಿಗೆಯ ಬೀಗದ ಕೈ
ಪಾತ್ರೆ ತೊಳೆಯುವ ದಮಯಂತಿಯ ಹತ್ತಿರ ಇದೆ.
ಇವತ್ತೇ ಹೋಗಿ ಅವಳ ಮಗಳ ಹೆಸರು ಕೇಳಿಟ್ಟುಕೋ.